ತ ಥ ದ ಧ ನ

ಅಲಿವೇಲು ಮೇಡಂ ಬಾಯಿ ತೆರೆಯುವ ಮುಂಚೆ
ಎಡಗೈ ತಾನಾಗಿ ಎದ್ದು ತುಟಿಗೆ ಅಡ್ಡ ಬಂತು.
ಕೈ ಇಳಿಸಿ, ಅಂದೆ.
"ಇದು ನನ್ನ ಮಾತು ಕೇಳಲ್ಲ ಡಾಕ್ಟ್ರೇ" ಅಂದರು,
ಮತ್ತೆ ಮುಚ್ಚಿಕೊಂಡು.

ಕೋರೆಯಿಂದ ಕೋರೆಗೆ ಆರು ಹಲ್ಲು.
ಸುಣ್ಣದ ಗೆರೆ, ಅದರ ಮೇಲೆ ಬೆಲ್ಲದ ಪಾಕದ ಬಣ್ಣ,
ಅಲ್ಲಲ್ಲಿ ಗುಳಿ.
ಬಾಗೇಪಲ್ಲಿಯಲ್ಲಿ ಇದಕ್ಕೆ ರಿಪೋರ್ಟ್ ಬೇಕಿಲ್ಲ.
ನಾಲ್ಕುನೂರು ಅಡಿ ಕೆಳಗಿನ ಬಂಡೆ
ಬೋರಿನ ನೀರಲ್ಲಿ ಕರಗಿ ಬಂದು
ಹಾಲುಹಲ್ಲಿನ್ನೂ ಉದುರದಿದ್ದಾಗಲೇ
ಒಸಡಿನೊಳಗೆ ಬೆಳೆಯುತ್ತಿದ್ದ ಹಲ್ಲಿಗೆ ಸಹಿ ಹಾಕಿದೆ.
ಉಜ್ಜಿದರೆ ಹೋಗದು. ಉಜ್ಜಿದ್ದಾರೆ:
ಇದ್ದಿಲು, ಉಪ್ಪು, ನಿಂಬೆಸಿಪ್ಪೆ, ಒಮ್ಮೆ ಇಟ್ಟಿಗೆಪುಡಿ.

ಕಾರಣ ಕೇಳಿದೆ. ಕೇಳಲೇಬೇಕು,
ಕೆರೆದದ್ದು ಮತ್ತೆ ಬೆಳೆಯುವುದಿಲ್ಲ.
ಮದುವೆಯಾ? ಆಗಿ ಹನ್ನೊಂದು ವರ್ಷ.
ಫೋಟೋಗಾ? ಅಲ್ಲ.

"ಗೂಳೂರು ಕಡೆ ಸ್ಕೂಲು. ಒಂದನೇ ಕ್ಲಾಸಿಗೆ ಕನ್ನಡ.
ಮನೇಲಿ ಅವರದು ತೆಲುಗು, ನನ್ನ ಬಾಯಿ ನೋಡೇ ಕಲೀಬೇಕು.
ತ ಥ ದ ಧ ನ,
ನಾಲಗೆ ಹೋಗಿ ಹಲ್ಲಿಗೆ ತಾಗೋದು ಕಾಣಬೇಕು.
ಮೊನ್ನೆ ಇನ್ಸ್‌ಪೆಕ್ಷನ್ನಿಗೆ ಬಂದೋರು
ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದರು.
ಇಪ್ಪತ್ತೆರಡು ಮಕ್ಕಳು.
ಇಪ್ಪತ್ತೆರಡೂ ಎಡಗೈ ಬಾಯಿಗೆ ಅಡ್ಡ ಇಟ್ಕೊಂಡು
ತ ಥ ದ ಧ ನ ಅಂದವು.
ಅಕ್ಷರದ ಜೊತೆ ಅದೂ ಸೇರುತ್ತೆ ಅಂದ್ಕೊಂಡಿದಾವೆ."

ಸಕ್ಷನ್ ಹಿಡಿದಿದ್ದ ಫರ್ಜಾನಾ
ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು.

ಹಲ್ಲಿನ ಮೇಲೆ ಮೂರು ಅಡ್ಡ ಗೀರು,
ಅರ್ಧ ಮಿಲಿಮೀಟರ್ ಆಳ,
ನೋಟ್‌ಬುಕ್ಕಿನ ಐದಾರು ಹಾಳೆಯ ದಪ್ಪ.
ಗೀರಿನ ತಳಕ್ಕೆ ಪೆನ್ಸಿಲ್ ಗುರುತು.
ಇನ್ನು ವಜ್ರದ ಬರ್ ಹಿಡಿದು
ಪೆನ್ಸಿಲ್ ಅಳಿಯುವವರೆಗೆ ಮಾತ್ರ ಕೆರೆಯಬೇಕು.
ಗೆರೆ ಅಳಿಯಿತೋ, ಕೈ ನಿಲ್ಲಬೇಕು.
ಅದರಾಚೆ ಹಳದಿ, ಇನ್ನೂ ಆಚೆ ಜೀವ,
ತಣ್ಣೀರಿಗೂ ಬೆಚ್ಚಿಬೀಳುವ ಜಾಗ.
ಕಲೆ ಪೂರ್ತಿ ಹೋಗುವವರೆಗೂ ಕೆರೆಯುತ್ತ ಹೋದರೆ
ಹಲ್ಲೇ ಉಳಿಯುವುದಿಲ್ಲ. ಮುಚ್ಚಲಿಕ್ಕೂ ಒಂದಿಷ್ಟು ಬಿಡಬೇಕು.

ನಾಲ್ಕು ಮುಗಿದು ಎರಡು ಬಾಕಿ ಇರುವಾಗ ಕರೆಂಟ್ ಹೋಯಿತು.
ಕಂಪ್ರೆಸರ್ ಉಸಿರು ಬಿಟ್ಟು ಸುಮ್ಮನಾಯಿತು.
ಕೆಳಗೆ ಚೇಳೂರು ಬಸ್ಸಿನವನು ಕೂಗುತ್ತಿದ್ದ.
ಬಣ್ಣ ಬೆಳಗ್ಗೆಯೇ ಕಿಟಕಿ ಹತ್ತಿರ ಆರಿಸಿದ್ದೆವು:
ಟೀವಿಯ ಬಿಳಿ ಬೇಡ,
ಅಕ್ಕಿಯ ಬಿಳಿ, ಅದೂ ಪಾಲಿಶ್ ಮಾಡದ್ದು.
ಹೊತ್ತು ಕಳೆಯಲೆಂದು ಹೇಳಿದೆ,
ಈ ಸೆರಾಮಿಕ್ಕೂ ಕಲ್ಲೇ ಮೇಡಂ,
ಬಂಡೆಯೊಳಗಿನ ಬಿಳಿ ಹರಳು ಅರೆದು, ಬೇಯಿಸಿ,
ಉಗುರಿಗಿಂತ ತೆಳ್ಳಗೆ ಮಾಡೋದು.
ಜೋಮು ಹಿಡಿದ ತುಟಿಯಲ್ಲಿ ತೊದಲಿದರು:
"ಹಂಗಾದ್ರೆ ಕಲ್ಲು ಮಾಡಿದ್ದೂ ಕಲೆ,
ನೀವು ಮಾಡೋದೂ ಕಲೆ."
ನಗಲು ಹೋದರೆ ತುಟಿ ಒಂದೇ ಕಡೆ ಎದ್ದಿತು.

ಒಸಡಿನ ಅಂಚಿಗೆ ದಾರ ತುರುಕಿ, ಅಚ್ಚು ತೆಗೆದು,
ಹತ್ತು ದಿನಕ್ಕೆಂದು ತಾತ್ಕಾಲಿಕ ಹಲ್ಲು ಕೂರಿಸಿ,
ಈಗ ಫ ಅನ್ನಿ, ಅಂದೆ,
ಅಂಚು ಕೆಳತುಟಿಗೆ ತಾಗುತ್ತಾ ನೋಡೋಣ.
"ಅದು ನಮ್ಮ ವರ್ಣಮಾಲೇಲಿಲ್ಲ ಡಾಕ್ಟ್ರೇ,
ನಮ್ಮದು ಹಣ್ಣು ಫಲದ ಫ.
ನಿಮ್ಮದಕ್ಕೆ ಕೆಳಗೆ ಎರಡು ಚುಕ್ಕಿ ಬೇಕು."
ಸರಿ, ಫರ್ಜಾನಾ ಅನ್ನಿ.
"ಫರ್ಜಾನಾ."
"ಹಾಂ ಮೇಡಂ?" ಒಳಗಿನಿಂದ ಓಗೊಟ್ಟಳು.
ತಾಗಿತು.

ಕೆಳಗಿನ ಸಾಲಿಗೂ ಮಾಡೋದಾ, ಕೇಳಿದೆ.
"ಬೇಡ. ಒಂದು ಸಾಲು ಮಕ್ಕಳಂಥದ್ದೇ ಇರ್ಲಿ."

ಕ್ಯಾನಿನ ನೀರು ಮುಕ್ಕಳಿಸಿ ಉಗುಳಿದರು.
ಕನ್ನಡಿ ಕೊಟ್ಟೆ.
ಎಡಗೈ ಅರ್ಧಕ್ಕೆ ಎದ್ದಿತು,
ಎದೆಯ ಹತ್ತಿರ ನಿಂತಿತು,
ಏನು ಮಾಡಬೇಕೋ ತಿಳಿಯದೆ
ಸೆರಗಿನ ಪಿನ್ನು ಸರಿಮಾಡಿತು.